ಹೆಬ್ಬೆಟ್ಟಿನ ತಗ್ಗು

ಮಗಳು ಐಶ್ವರ್ಯಳ ಟಿ.ಸಿ.ಗೆ ಅರ್ಜಿ ಹಿಡಿದು ಬಾಳಮ್ಮ ಎಂಟನೇ ತರಗತಿಯ ಬಾಗಿಲಿಗೆ ಬಂದಾಗ, ಒಳಗೆ ಮಕ್ಕಳೆಲ್ಲ ಒಂದೊಂದು ಲಿಂಬೆಹಣ್ಣು ಹಿಡಿದು ಅದನ್ನೇ ನೋಡುತ್ತ ಕುಳಿತಿದ್ದರು. ಲಿಂಬೆ ಬೆಳೆಯುವ ಊರು ಇಂಡಿಯಲ್ಲಿ ಲಿಂಬೆಹಣ್ಣನ್ನು ಅಷ್ಟು ಹೊತ್ತು ಯಾರೂ ನೋಡುವುದಿಲ್ಲ.

"ಏನ್ ನಡಸೀರಿ ಅಕ್ಕೋರ ಇದು?"

"ಆಟ," ಎಂದರು ಸಾಬೀರಾ ಟೀಚರ್. "ಮದಲ ಹಣ್ಣಿನ ಗುರ್ತು ಹಿಡಿಯೂದು, ಆಮ್ಯಾಲ ತಮ್ಮ ಗುರ್ತು. ಐದು ನಿಮಿಷ ನಿಂದರ್ರಿ, ನೋಡ್ತೇನಿ."

ಬಾಳಮ್ಮ ನಿಂತಳು. ಬಸ್‌ಸ್ಟ್ಯಾಂಡ್ ಎದುರಿನ ಝೆರಾಕ್ಸ್ ಅಂಗಡಿಯವನು ಅರ್ಜಿ ಬರೆದು ಅಲ್ಲೇ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದ. ಬೆರಳಿನ ನೀಲಿ ಶಾಯಿ ಇನ್ನೂ ಆರಿರಲಿಲ್ಲ. 'ಮಗಳಿಗೆ ಮಾತು ಸರಿಯಾಗಿ ಬಾರದ ಕಾರಣ' ಎಂದು ಅರ್ಜಿಯಲ್ಲಿತ್ತು.

ಟೀಚರ್ ಹಣ್ಣುಗಳನ್ನೆಲ್ಲ ಬುಟ್ಟಿಗೆ ಹಾಕಿಸಿ ಕಲಸಿ ನೆಲದ ಮೇಲಿಟ್ಟರು. ಈಗ ಪ್ರತಿಯೊಬ್ಬರೂ ತಮ್ಮದನ್ನು ಹುಡುಕಬೇಕು. ಎರಡೇ ನಿಮಿಷಕ್ಕೆ ಜಗಳ ಹತ್ತಿತು. ಮಾರುಕಟ್ಟೆಗೆ ಹಣ್ಣು ಆರಿಸುವ ಮನೆಗಳ ಮಕ್ಕಳು. ಮೊದಲು ಬುಟ್ಟಿ ಮುಂದೆ ಬಂದಾಗ ಕಲೆಯಿಲ್ಲದ ದುಂಡು ಹಣ್ಣನ್ನೇ ಹೆಕ್ಕಿದ್ದರು. ಈಗ ಎಲ್ಲವೂ ಒಂದೇ ಥರ.

"ಇದು ನಂದು, ಹಳದಿ ಐತಿ ನೋಡ," ಎಂದ ಸಾಹಿಲ.

"ಎಲ್ಲಾವೂ ಹಳದೀನ ಅದಾವಲೇ. ನಿನಗೇನ್ ಕಾಮಾಲಿ ಆಗೇತೇನ?"

ಕೊನೆಯ ಬೆಂಚಿನ ಐಶ್ವರ್ಯ ಎಲ್ಲರ ನಂತರ ಬಂದಳು. ಬುಟ್ಟಿಗೆ ಕೈ ಹಾಕಿ ಒಂದನ್ನು ತೆಗೆದುಕೊಂಡು ವಾಪಸು ಹೋದಳು. ಮೊದಲ ಸಲ ಬುಟ್ಟಿ ಅವಳವರೆಗೆ ಬರುವಾಗ ಉಳಿದದ್ದು ಕಪ್ಪು ಕಲೆಯ ಹಣ್ಣೊಂದೇ. ಅದೇ ಇದು.

"ಹೆಂಗ ಗುರ್ತ ಹಿಡದಿ ಐಶ್ವರ್ಯ?"

"ಅ... ಅ... ಅದು..."

"ಡಾಗ ಬಿದ್ದೈತಲ್ರಿ ಅಕ್ಕೋರ, ಅದಕ್ಕ," ಎಂದಳು ಬಾಳಮ್ಮ ಬಾಗಿಲಿನಿಂದಲೇ. ಅಂಗಡಿಯಲ್ಲಿ, ಬಸ್ಸಿನಲ್ಲಿ, ಬೀಗರ ಮನೆಯಲ್ಲಿ, ಮಗಳ ಮಾತನ್ನು ಮುಗಿಸುವುದು ಅವಳೇ.

ಐಶ್ವರ್ಯ ಅಲ್ಲವೆಂದು ತಲೆಯಾಡಿಸಿದಳು.

"ಕ... ಕಣ್ಣ ಮು... ಮುಚ್ಚಿದ್ರೂ ಸಿಗ್ತೈತ್ರಿ. ತೊ... ತೊಟ್ಟಿನ ಬಾಜೂಕ ತಗ್ಗ ಐತಿ. ನ... ನನ್ನ ಹೆಬ್ಬಟ್ಟ ಅದ್ರಾಗ ಬರೋಬರಿ ಕುಂದರ್ತೈತಿ."

ಅಷ್ಟು ಹೇಳಲು ಬಹಳ ಹೊತ್ತು ಹಿಡಿಯಿತು. ಯಾರೋ ಕಿಸಕ್ಕೆಂದರು. ಟೀಚರ್ ಅತ್ತ ನೋಡಲಿಲ್ಲ; ಐಶ್ವರ್ಯಳ ಬಾಯಿಯನ್ನೂ ನೋಡಲಿಲ್ಲ, ಅವಳ ಕೈಯಲ್ಲಿದ್ದ ಹಣ್ಣನ್ನು ನೋಡುತ್ತಿದ್ದರು.

ಬಾಳಮ್ಮ ಒಳಗೆ ಬಂದು ಅರ್ಜಿ ಕೊಟ್ಟಳು. ಮಗಳ ಕೈಯಿಂದ ಹಣ್ಣು ಇಸಿದುಕೊಂಡು ಹೊರಳಿಸಿದಳು. ಹನ್ನೊಂದು ವರ್ಷದಿಂದ ಲಿಂಬೆ ಆರಿಸುತ್ತಿರುವ ಕೈ. ಇಂಥದ್ದನ್ನು ಬದಿಗೆ ಎಸೆಯಲು ಅದಕ್ಕೆ ಅರೆಗಳಿಗೆ ಸಾಕು. ತಗ್ಗು ಕಾಣಲಿಲ್ಲ.

"ಸಾಲಿ ಬಿಡಿಸಿ ಏನ್ ಮಾಡ್ತೀರಿ?" ಅರ್ಜಿ ಓದಿದ ಟೀಚರ್ ಕೇಳಿದರು.

"ನನ್ನ ಕೂಡ ಲಿಂಬಿ ಆರಸ್ತಾಳ್ರಿ. ಅಲ್ಲಿ ಮಾತಿನ ಜರೂರ ಇಲ್ಲ. ಇಲ್ಲಿ ಈ ಹುಡುಗೂರು ಕಾಡ್ತಾವು, ದಿನಾ ಅತ್ಕೋಂತ ಬರ್ತಾಳ."

"ಆಕಿನ್ನ ಕೇಳೀರೇನು?"

"ಕೇಳೇನ್ರಿ. ಹೂಂ ಅಂದ್ಲು."

"ಆಕಿ ಅಂದ್ಲೋ, ನೀವ ಅಂದ್ರ್ಯೋ?"

ಬಾಳಮ್ಮ ಹಣ್ಣನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಟೀಚರ್ ಪೆನ್ನಿನ ಟೊಪ್ಪಿಗೆ ತೆಗೆದರು.

"ಐಶ್ವರ್ಯ, ನೀ ಹೇಳವಾ. ಸಹಿ ಮಾಡ್ಲೇನು?"

ಐಶ್ವರ್ಯ ಎದ್ದು ನಿಂತಳು. "ನಾ..." ಎಂದವಳ ಮಾತು ಅಲ್ಲಿಗೇ ಸಿಕ್ಕಿಕೊಂಡಿತು. ಬಾಳಮ್ಮನ ತುಟಿ ತೆರೆಯಿತು. ಮತ್ತೆ ಮುಚ್ಚಿತು. ಹಣ್ಣಿದ್ದ ಅವಳ ಮುಷ್ಟಿ ಬಿಗಿಯಾಯಿತು. ಊಟದ ಗಂಟೆ ಹೊಡೆಯಿತು, ಯಾರೂ ಏಳಲಿಲ್ಲ.

"ನಾ... ನಾ... ನಾಳಿಗೂ ಬರ್ತೇನ್ರಿ ಸಾಲಿಗಿ."

ಟೀಚರ್ ಪೆನ್ನು ಮುಚ್ಚಿದರು. ಅರ್ಜಿ ವಾಪಸು ಇಸಿದುಕೊಳ್ಳಲೆಂದು ಬಾಳಮ್ಮ ಮುಷ್ಟಿ ಬಿಚ್ಚಿದಳು. ಹಣ್ಣಿನ ತೊಟ್ಟಿನ ಪಕ್ಕದ ತಗ್ಗಿನಲ್ಲಿ ಅವಳ ಹೆಬ್ಬೆಟ್ಟಿನ ನೀಲಿ ಗುರುತು ಬರೋಬರಿ ಕುಳಿತಿತ್ತು.