ತಪ್ಪಿಲ್ಲದ ಹೊಲಿಗೆ

ವಿದೇಶಕ್ಕೆ ಕಳಿಸಿದ್ದ ಮಾದರಿ ಕೈಚೀಲ ವಾಪಸ್ ಬಂದಿತ್ತು. ದೊಡ್ಡಕ್ಕ ಅದನ್ನು ಬೆಳಕಿಗೆ ಹಿಡಿದು, ಹೊಲಿಗೆಯುದ್ದಕ್ಕೂ ಹೆಬ್ಬೆರಳಿನ ಉಗುರು ಎಳೆದಳು. ಇಪ್ಪತ್ತು ವರ್ಷದಿಂದ, ವಾಪಸ್ ಬಂದ ಚೀಲದ ತಪ್ಪು ಹುಡುಕಿ, ಬಿಚ್ಚಿ ಹೊಲಿದುಕೊಡುವವಳು ಅವಳೇ.

"ಹುಡುಕಬೇಡಿ ಅಕ್ಕಾ, ಹೊಲಿಗೆ ಮುತ್ತು ಪೋಣಿಸಿದ ಹಾಗಿದೆಯಂತೆ," ಎಂದ ಕಾರ್ಖಾನೆಯ ಯಜಮಾನ. "ನಮ್ಮ ದೇಶದ ದುಡ್ಡಿನ ಬೆಲೆ ಏರಿಬಿಟ್ಟಿದೆ. ಅದಕ್ಕೇ ಅವರಿಗೆ ನಮ್ಮ ಚೀಲ ದುಬಾರಿಯಾಗಿ, ಆರ್ಡರೇ ಬೇಡ ಅಂದಿದ್ದಾರೆ."

"ದುಡ್ಡಿಗೆ ಬೆಲೆ ಬಂದ್ರೆ ಒಳ್ಳೇದಲ್ವಾ ಸಾರ್?"

"ಹೊರಗಿನ ಸಾಮಾನು ತರಿಸೋರಿಗೆ ಒಳ್ಳೇದು. ಕಳಿಸೋ ನಮಗೆ ಹೊಟ್ಟೆಗೆ ತಣ್ಣೀರು ಬಟ್ಟೆ. ನಾಳೆಯಿಂದ ಯಾರೂ ಬರೋದು ಬೇಡ."

ಹಿಂದಿನ ಸಾಲಿನಲ್ಲಿ ಒಂದೊಂದೇ ಮೆಷಿನ್ ನಿಂತಿತು. ದೊಡ್ಡಕ್ಕ ಮತ್ತೆ ಉಗುರು ಎಳೆದಳು, ಎಲ್ಲೂ ತಡೆಯಲಿಲ್ಲ. ಬ್ಲೇಡು ತೆಗೆದುಕೊಂಡು, ನೆಟ್ಟಗಿದ್ದ ಹೊಲಿಗೆಯನ್ನು ಬಿಚ್ಚತೊಡಗಿದಳು.

"ಇರಿ ಸಾರ್, ಇನ್ನೊಂದ್ಸಲ ಹೊಲಿದುಕೊಡ್ತೀನಿ."