ಯಾವ ಊರಾದರೂ ಸರಿ

"ಡಬ್ಲಿನ್ ಬೇಡ ಕಣೇ," ಎಂದಳು ಟೆಗನ್, ಬಿಸಿ ಚೀಸ್ ರೋಲಿನ ತುದಿ ಕಚ್ಚುತ್ತ. "ಅಲ್ಲಿ ದುಡಿದಿದ್ದೆಲ್ಲ ಬಾಡಿಗೆಗೇ ಸುರೀಬೇಕಂತೆ."

"ಸರಿ, ಎಡಿನ್‌ಬರೋ?"

"ಅಯ್ಯೋ, ಚಳಿ."

ಒಲೆಯಿಂದ ಇನ್ನೊಂದು ತಟ್ಟೆ ರೋಲು ತೆಗೆಯುತ್ತಿದ್ದ ಮಾಕರೆಟಾಳಿಗೆ ನಗು ತಡೆಯಲಾಗಲಿಲ್ಲ. "ಚಳಿ ಅಂತ ಯಾರೇ ಹೇಳ್ತಿರೋದು? ಜುಲೈ ಚಳಿಗಾಲದಲ್ಲಿ ನಮ್ಮ ಓಮರೂ ಸಮುದ್ರಕ್ಕೆ ಹಾರೋಳಲ್ವಾ ನೀನು? ಹೋಗ್ಲಿ, ಒಸಾಕಾ?"

"ಬಸ್ಸು ಎಲ್ಲಿ ನಿಲ್ಲುತ್ತೆ ಅಂತ ಕೇಳೋಕೂ ಭಾಷೆ ಬರಲ್ಲ."

"ವ್ಯಾಂಕೂವರ್?"

"ಅಲ್ಲಿ ನಮ್ಮೂರಿನವರೇ ತುಂಬಿದಾರೆ. ಅಷ್ಟು ದೂರ ಹೋಗಿ ಮತ್ತೆ ಅದೇ ಮುಖಗಳನ್ನ ನೋಡ್ಬೇಕಾ?"

ಭೂಗೋಳದ ದಕ್ಷಿಣ ತುದಿಯ ಈ ಪುಟ್ಟ ಊರು ಬಿಟ್ಟು, ವಿದೇಶದ ಯಾವುದಾದರೊಂದು ಊರಲ್ಲಿ ಒಂದು ವರ್ಷ ದುಡಿಯುತ್ತ ತಿರುಗಾಡಿ ಬರಬೇಕೆಂಬುದು ಗೆಳತಿಯರಿಬ್ಬರಿಗೂ ಶಾಲೆಯ ದಿನಗಳಿಂದ ಇದ್ದ ಆಸೆ. ಮಾಕರೆಟಾ ಒಮ್ಮೆ ಹೊರಟೂ ಇದ್ದಳು. ಡಬ್ಲಿನ್ನಿನ ವೀಸಾ ಬಂದಿತ್ತು, ಅಲ್ಲಿನ ಸಲೂನೊಂದರಲ್ಲಿ ಕೆಲಸವೂ ಗೊತ್ತಾಗಿತ್ತು. ಅಷ್ಟರಲ್ಲಿ, ಮದುವೆಗೆ ವಾರವಿರುವಾಗ, ಟೆಗನ್ನಳ ಹುಡುಗ ಒಂದು ಮಾತೂ ಹೇಳದೆ ಕೈಕೊಟ್ಟು ಹೋದ. ಟೆಗನ್ ಹಾಸಿಗೆ ಹಿಡಿದಳು. ಅನ್ನ ನೀರು ಬಿಟ್ಟಳು, ಸ್ನಾನ ಬಿಟ್ಟಳು. ಒಬ್ಬಳನ್ನೇ ಬಿಡಲು ಎಲ್ಲರಿಗೂ ಭಯ. ಮಾಕರೆಟಾ ಡಬ್ಲಿನ್ನಿಗೆ ಬರುವುದಿಲ್ಲವೆಂದು ತಿಳಿಸಿ, ಗೆಳತಿಯ ಕೋಣೆಯಲ್ಲೇ ಚಾಪೆ ಹಾಸಿಕೊಂಡಳು. ಸೂಪು ಕುಡಿಸಿದಳು. ಜಡೆಗಟ್ಟಿದ ಕೂದಲನ್ನು ಕತ್ತರಿಸದೆ, ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಬಿಡಿಸಿದಳು. ಟೆಗನ್ ಮತ್ತೆ ಎದ್ದು ಓಡಾಡುವ ಹೊತ್ತಿಗೆ ಎರಡು ವರ್ಷ ಸರಿದಿತ್ತು. ಈ ಚಳಿಗಾಲ ಕಳೆದರೆ ಮಾಕರೆಟಾಳಿಗೆ ಮೂವತ್ತೊಂದು. ಆಮೇಲೆ ಡಬ್ಲಿನ್ನೂ ಇಲ್ಲ, ಒಸಾಕಾವೂ ಇಲ್ಲ. ಆ ದೇಶಗಳು ಮೂವತ್ತು ದಾಟಿದವರಿಗೆ ಹೀಗೆ ದುಡಿಯುತ್ತ ತಿರುಗಾಡುವ ವೀಸಾ ಕೊಡುವುದಿಲ್ಲ.

"ಹಾಗಾದ್ರೆ ನೀನೇ ಹೇಳು," ಎಂದು ಮಾಕರೆಟಾ ಎದುರಿಗೆ ಕುಳಿತಳು. "ಯಾವ ಊರಾದ್ರೂ ಸರಿ. ನಂಗೆ ಹೋಗಬೇಕು, ಅಷ್ಟೇ."

ಟೆಗನ್ ತಟ್ಟೆಯ ಮೇಲೆ ಉದುರಿದ ಚೂರುಗಳನ್ನು ಬೆರಳಿನಿಂದ ಒತ್ತಿ ಒತ್ತಿ ತೆಗೆಯುತ್ತಿದ್ದಳು. ಅಷ್ಟರಲ್ಲಿ ಹಿಂಬಾಗಿಲು ತಳ್ಳಿಕೊಂಡು ಅವಳ ತಾಯಿ ಕಾಲೀನ್ ಒಳಗೆ ಬಂದಳು. ಮಗಳು ಕಾರು ಮಾರಿದಂದಿನಿಂದ ಕರೆದೊಯ್ಯಲು ಬರುವವಳು ಅವಳೇ.

"ಇನ್ನೂ ಹ್ಯಾಲಿಫ್ಯಾಕ್ಸ್ ಪುರಾಣ ಮುಗೀಲಿಲ್ವಾ?" ಎಂದಳು ಕೈಗವಸು ಕಳಚುತ್ತ. "ಬ್ರುಕ್ ಫೋನ್ ಮಾಡಿದ್ಲು ಕಣೇ. ಅಲ್ಲಿ ರೂಮು ಸಿಕ್ತಂತೆ. ಇಬ್ಬರಿಗೆ ಧಾರಾಳವಾಗಿ ಸಾಕಂತೆ."

ಬ್ರುಕ್ ಎಂದರೆ ಟೆಗನ್ ಕೆಲಸ ಮಾಡುವ ದಂತ ಚಿಕಿತ್ಸಾಲಯಕ್ಕೆ ಕಳೆದ ಬೇಸಿಗೆಯಲ್ಲಿ ಸೇರಿದ ಹುಡುಗಿ.

"ಹ್ಯಾಲಿಫ್ಯಾಕ್ಸಾ? ನಾವು ಆ ಊರಿನ ಹೆಸರೇ ಎತ್ತಿಲ್ವಲ್ಲ. ಯಾವ ಇಬ್ಬರಿಗೆ ಆಂಟಿ?" ಎಂದಳು ಮಾಕರೆಟಾ.

ಕಾಲೀನ್ ಮಗಳ ಮುಖ ನೋಡಿದಳು. "ಅಯ್ಯೋ ದೇವರೇ. ನೀನಿನ್ನೂ ಹೇಳೇ ಇಲ್ವಾ?" ಎಂದವಳು ಮರುಮಾತಿಗೆ ಕಾಯದೆ, ಬಂದ ದಾರಿಯಲ್ಲೇ ಕಾರಿಗೆ ಹೋಗಿ ಕುಳಿತಳು.

ಮಾಕರೆಟಾ ತೆರೆದೇ ಉಳಿದಿದ್ದ ಹಿಂಬಾಗಿಲನ್ನು ಮುಚ್ಚಿ ಬಂದಳು.

"ಮೂರು ಜನ ಹೋದ್ರೂ ಆಗ್ತಿತ್ತಲ್ಲೇ," ಎಂದಳು. "ನಾನು ನೆಲದ ಮೇಲೆ ಮಲಗ್ತಿದ್ದೆ. ನಂಗೇನು, ಅಭ್ಯಾಸ ಇದೆ."

"ಅದೇ!" ಟೆಗನ್ ತಲೆಯೆತ್ತಿದಳು. ಅವಳ ಕಣ್ಣಲ್ಲಿ ನೀರಿತ್ತು, ದನಿಯಲ್ಲಿ ಮಾತ್ರ ಸಿಟ್ಟು. "ಅದೇ ಕಣೇ ಬೇಡ ಅನ್ನೋದು! ನೀನು ನನ್ನ ನೋಡೋವಾಗೆಲ್ಲ ಆ ಹಾಸಿಗೇಲಿ ಬಿದ್ದಿದ್ದೋಳನ್ನೇ ನೋಡ್ತೀಯ. ಊಟ ಆಯ್ತಾ ಅಂತ ಕೇಳ್ತೀಯಲ್ಲ, ಎಲ್ಲರೂ ಕೇಳೋ ಹಾಗೆ ಅಲ್ಲ ನೀನು ಕೇಳೋದು. ಬ್ರುಕ್‌ಗೆ ಅದೇನೂ ಗೊತ್ತಿಲ್ಲ. ನಾನು ಭಾರೀ ತಮಾಷೆ ಹುಡುಗಿ ಅಂದ್ಕೊಂಡಿದಾಳೆ. ಒಂದು ವರ್ಷ ನಂಗೆ ಆ ಹುಡುಗಿಯಾಗಿ ಇರಬೇಕು."

"ಹಾಗಾದ್ರೆ ಇಷ್ಟು ಹೊತ್ತು ಚಳಿ, ಬಾಡಿಗೆ, ಭಾಷೆ ಅಂತ..."

"ನೀನೇ ಬೇಸತ್ತು, ನಾನು ಬರಲ್ಲ ಹೋಗು ಅಂತೀಯ ಅಂದ್ಕೊಂಡಿದ್ದೆ." ಟೆಗನ್ ಎದ್ದು ಕೋಟು ಹಾಕಿಕೊಂಡಳು. "ನಿಂಗೆ ಬೇಸರ ಅನ್ನೋದೇ ಬರಲ್ವಲ್ಲ ಮಾರಾಯ್ತಿ."

ಏನು ಹೇಳಿದರೂ ತಾನು ಮಾಡಿದ್ದನ್ನು ಆಡಿ ತೋರಿಸಿದಂತಾಗುತ್ತದೆ ಎಂದು ಮಾಕರೆಟಾಳಿಗೆ ಅನ್ನಿಸಿತು. ಉಳಿದ ರೋಲುಗಳನ್ನು ಕಾಗದದಲ್ಲಿ ಸುತ್ತಿ ಟೆಗನ್ನಳ ಕೈಗೆ ಕೊಡಹೋದಳು. ಅವಳು ತೆಗೆದುಕೊಳ್ಳದೆ ಸರಸರನೆ ಮೆಟ್ಟಿಲಿಳಿದಳು. ಮಾಕರೆಟಾ ಪೊಟ್ಟಣ ಹಿಡಿದುಕೊಂಡೇ ಕಾರಿನವರೆಗೆ ಹೋದಳು.

ಕಾಲೀನ್ ಗಾಜು ಇಳಿಸಿ ಪೊಟ್ಟಣ ತೆಗೆದುಕೊಂಡಳು. ಮಾಕರೆಟಾಳ ಕೈಯನ್ನು ತನ್ನೆರಡೂ ಕೈಗಳಲ್ಲಿ ಹಿಡಿದು, "ಬೇಜಾರು ಮಾಡ್ಕೋಬೇಡಮ್ಮ," ಎಂದಳು, ನಿಜವಾದ ಅಕ್ಕರೆಯಿಂದಲೇ. "ಒಂದು ರೀತೀಲಿ ಒಳ್ಳೇದೇ ಆಯ್ತು ಬಿಡು. ಅಲ್ಲೇನಾದ್ರೂ ಎಡವಟ್ಟಾಗಿ ಇವಳು ಮತ್ತೆ ಮೊದಲಿನ ಹಾಗಾಗಿ ವಾಪಸ್ ಬಂದ್ರೆ, ನೋಡ್ಕೊಳ್ಳೋಕೆ ನೀನು ಇಲ್ಲೇ ಇರ್ತೀಯಲ್ಲ. ನಂಗೆ ಅದೊಂದೇ ಧೈರ್ಯ."

ಟೆಗನ್ ಆಚೆ ಬದಿಯ ಕಿಟಕಿಯತ್ತ ಮುಖ ತಿರುಗಿಸಿಕೊಂಡಿದ್ದಳು.

"ಹೂಂ ಆಂಟಿ, ಇರ್ತೀನಿ," ಎಂದು ಯಾರೋ ಅಂದದ್ದು ಮಾಕರೆಟಾಳಿಗೆ ಕೇಳಿಸಿತು. ಆ ದನಿ ತನ್ನದೇ ಎಂದು ತಿಳಿಯುವಷ್ಟರಲ್ಲಿ ಕಾರು ಸಮುದ್ರದ ಕಡೆಯ ಇಳಿಜಾರು ದಾಟಿ ಹೋಗಿತ್ತು.