ಕೆಂಪು ದಾರದ ಡಬ್ಬಿ

ಮಾತ್ರೆ ನಾಲಿಗೆಯ ಅಡಿಗೆ ಜಾರಿತು. ಟೈಲರ್ ಮಾಸ್ಟರು ಒಂದು ಗುಟುಕು ನೀರು ಕುಡಿದು, ಗಂಟಲನ್ನು ಬೇಕೆಂದೇ ಮೇಲೆ ಕೆಳಗೆ ಕುಣಿಸಿದರು. ಹೆಂಡತಿ ಅತ್ತ ತಿರುಗಿದ್ದೇ ತಡ, ಮಾತ್ರೆ ಅಂಗೈಗೆ ಬಂತು. ಅಲ್ಲಿಂದ ಲೈನಿಂಗ್ ಬಟ್ಟೆಯ ಚೂರೊಂದರಲ್ಲಿ ಸುತ್ತಿಕೊಂಡು ಒಳಜೇಬು ಸೇರಿತು.

ದಿನವೂ "ಬಾಯಿ ತೆಗೀರಿ ನೋಡೋಣ" ಎಂದು ಪೊಲೀಸರಂತೆ ತಪಾಸಣೆ ಮಾಡುತ್ತಿದ್ದವಳು ಅಂದು ಯಾಕೋ ಕೇಳಲಿಲ್ಲ. ಮಾಸ್ಟರಿಗೆ ಅಷ್ಟೇ ಸಾಕಾಗಿತ್ತು.

ನಾಲ್ಕು ತಿಂಗಳ ಹಿಂದೆ ಅವರ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ್ದರು. "ರಕ್ತ ಹೆಪ್ಪುಗಟ್ಟದ ಹಾಗೆ ಈ ಮಾತ್ರೆ. ಒಂದು ದಿನವೂ ತಪ್ಪಬಾರದು. ಯಾರು ನಿಲ್ಲಿಸು ಅಂದ್ರೂ ನನ್ನ ಕೇಳದೆ ನಿಲ್ಲಿಸ್ಬೇಡಿ" ಎಂದು ಹೃದಯದ ಡಾಕ್ಟರು ಬೆರಳು ಎತ್ತಿ ಹೇಳಿದ್ದರು. ಮಾಸ್ಟರಿಗೆ ರಕ್ತ ಕಂಡರೆ ಮೊದಲೇ ಆಗದು. ಮಾತ್ರೆ ಶುರುವಾದ ಮೇಲಂತೂ ಸೂಜಿ ಚುಚ್ಚಿದರೆ ಸಾಕು, ನಿಲ್ಲುವ ಹೊತ್ತಿಗೆ ಕೈಯಲ್ಲಿದ್ದ ಬಿಳಿ ಅಂಗಿ ಚುಕ್ಕಿ ಅಂಗಿಯಾಗಿರುತ್ತಿತ್ತು. ಸೂಜಿ ಚುಚ್ಚದಂತೆ ಹಾಕುವ ಬೆರಳುಟೋಪಿಯನ್ನು ಮೂವತ್ತು ವರ್ಷ ಹಂಗಿಸಿದ್ದ ಮನುಷ್ಯ ಈಗ ಎರಡು ಬೆರಳಿಗೆ ಹಾಕಿಕೊಂಡು ಕೂರುತ್ತಿದ್ದರು.

ಅಂಥದ್ದರಲ್ಲಿ ದವಡೆ ಹಲ್ಲು ಕೈಕೊಟ್ಟಿತು. ಕೀಳಲೇಬೇಕು ಎಂದರು ದಂತವೈದ್ಯೆ. ದಿನವನ್ನೂ ಗೊತ್ತುಮಾಡಿದರು, ಮುಂದಿನ ಮಂಗಳವಾರ.

ಗುರುವಾರ ಸಂಜೆ ಎದುರಿನ ಸಲೂನಿನವನು ಅಂಗಡಿಗೆ ಬಂದು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಕೂತ. ಊರಿಗೆಲ್ಲ ಅವನೇ ವೈದ್ಯ, ಅವನೇ ವಕೀಲ.

"ಮಾಸ್ಟ್ರೇ, ಆ ಮಾತ್ರೆ ನುಂಗ್ತಾ ಹಲ್ಲು ಕೀಳಿಸ್ತೀರಾ? ನಮ್ಮ ಭಾವನಿಗೆ ಸಂಜೆತನಕ ರಕ್ತ ನಿಲ್ಲಲಿಲ್ಲ. ಐದು ದಿನ ಬಿಟ್ಟುಬಿಡಿ, ಏನೂ ಆಗಲ್ಲ."

"ಡಾಕ್ಟ್ರನ್ನ ಒಂದು ಮಾತು..."

"ಕೇಳಿದ್ರೆ ಬೇಡ ಅಂತಾರೆ. ಅದಕ್ಕೇ ಕೇಳಬಾರದು!"

ಹೋಗುವಾಗ ನೋವಿಗೆಂದು ತನ್ನ ಜೇಬಿನಿಂದ ಎರಡು ಮಾತ್ರೆ ಬೇರೆ ಕೊಟ್ಟ. ಪರದೆಯ ಆಚೆ ಗುಂಡಿ ಹೊಲಿಯುತ್ತಿದ್ದ ಹೆಂಡತಿ ಎದ್ದು ಬಂದು ಅವನ್ನು ಕಸದ ಬುಟ್ಟಿಗೆ ಹಾಕಿದಳು. "ಸಿಕ್ಕಸಿಕ್ಕ ನೋವಿನ ಮಾತ್ರೆ ಇದರ ಜೊತೆ ಸೇರಿದ್ರೆ ಹೊಟ್ಟೆಯಲ್ಲಿ ರಕ್ತ ಒಸರುತ್ತಂತೆ. ನೋವಿಗೆ ಯಾವುದಾಗುತ್ತೆ ಅಂತ ಡಾಕ್ಟ್ರನ್ನೇ ಕೇಳ್ತೀನಿ" ಎಂದಳು. ಮತ್ತೆ ಪರದೆಯ ಆಚೆ ಹೋದಳು.

ಕಳ್ಳನಿಗೊಂದು ಪಿಳ್ಳೆ ನೆವ. ಶುಕ್ರವಾರದಿಂದಲೇ ಮಾಸ್ಟರು ಶುರುಹಚ್ಚಿಕೊಂಡರು.

ಕೆಲಸ ಸುಲಭವಾಗಿತ್ತು. ಬೆಳಿಗ್ಗೆ ಅವರಿಗೆ ಎರಡು ಮಾತ್ರೆ. ಎರಡೂ ಬಿಳಿ, ಎರಡೂ ಗುಂಡಗೆ. ಅಂಗಡಿಯಲ್ಲಿ ಒಬ್ಬೊಬ್ಬ ಗಿರಾಕಿಯ ಬಟ್ಟೆಗೂ ಒಂದೊಂದು ಬಣ್ಣದ ದಾರ ಕಟ್ಟುವುದು ಗಂಡಹೆಂಡಿರ ಪದ್ಧತಿ. ಚೀಟಿ ಓದುವ ಗೋಜೇ ಇಲ್ಲ. ಮಾತ್ರೆಯ ಡಬ್ಬಿಗಳಿಗೂ ಹಾಗೆಯೇ: ರಕ್ತದ ಮಾತ್ರೆಗೆ ಕೆಂಪು ದಾರ, ಶಕ್ತಿ ಮಾತ್ರೆಗೆ ಹಳದಿ. ಕೆಂಪಿನದು ಜೇಬಿಗೆ, ಹಳದಿಯದು ಹೊಟ್ಟೆಗೆ.

ಭಾನುವಾರ ಸೂಜಿ ಚುಚ್ಚಿತು. ರಕ್ತ ಎಂದಿನಂತೆಯೇ ಹಟ ಹಿಡಿಯಿತು. 'ಹಳೇ ಮಾತ್ರೆಯ ಪ್ರಭಾವ, ಇಳಿಯೋಕೆ ಟೈಮ್ ಬೇಕು' ಎಂದು ತಮಗೆ ತಾವೇ ವೈದ್ಯರಾದರು.

ಸೋಮವಾರ ಮೈಗಳ್ಳತನಕ್ಕೆ ಶಕ್ತಿ ಮಾತ್ರೆಯನ್ನೂ ಬಿಡಲು ಹೋದರು. ಹೆಂಡತಿ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಅದನ್ನ ಮಾತ್ರ ನನ್ನ ಕಣ್ಣೆದುರಿಗೇ ನುಂಗ್ಬೇಕು ರೀ. ಮುಖ ನೋಡಿ, ಹೆಂಗೆ ಬಾಡಿದೆ."

"ಶಕ್ತಿ ಮಾತ್ರೆಗೆ ಇಷ್ಟು ರಂಪಾನಾ?"

"ಹೂಂ, ನಿಮ್ಮ ಶಕ್ತಿನೇ ನನ್ನ ಶಕ್ತಿ."

ಪಾಪದವಳು, ಎಂದುಕೊಂಡು ನುಂಗಿದರು.

ಮಂಗಳವಾರ ಮಾಸ್ಟರನ್ನು ಕುರ್ಚಿಯಲ್ಲಿ ಒರಗಿಸಿ ದಂತವೈದ್ಯೆ ಜೊತೆಗೆ ಬಂದಿದ್ದ ಹೆಂಡತಿಯನ್ನು ಕೇಳಿದರು. "ಹೃದಯದ ಡಾಕ್ಟ್ರು ಮಾತ್ರೆ ನಿಲ್ಲಿಸೋದು ಬೇಡ ಅಂತ ಬರೆದು ಕಳಿಸಿದಾರೆ. ಇವರು ಇವತ್ತೂ ತಗೊಂಡಿದಾರೆ ತಾನೆ?"

"ಒಂದು ದಿನಾನೂ ತಪ್ಪಿಸಿಲ್ಲ ಡಾಕ್ಟ್ರೇ" ಎಂದಳು ಹೆಂಡತಿ. ಮಾಸ್ಟರು ಒಳಗೊಳಗೇ ನಕ್ಕರು.

ಹಲ್ಲು ಬಂತು. ರಕ್ತವೂ ಬಂತು, ವೈದ್ಯೆ ಎರಡು ಹೊಲಿಗೆ ಹಾಕಿ, ದಪ್ಪನೆಯ ಬಟ್ಟೆಯ ಸುರುಳಿ ಕಚ್ಚಿಸಿದರು. ಅರ್ಧ ಗಂಟೆಯಲ್ಲಿ ಎಲ್ಲ ತಹಬಂದಿಗೆ ಬಂತು. ಹೊಲಿಗೆ ನೇರವಾಗಿಲ್ಲ ಎಂದು ಹೇಳಬೇಕೆನಿಸಿತು, ಬಾಯಿ ಬಂದ್ ಆಗಿತ್ತು.

"ನೋಡಿದ್ರಾ? ಮಾತ್ರೆ ನಿಲ್ಲಿಸದೇನೇ ಆಯ್ತು" ಎಂದರು ವೈದ್ಯೆ.

ಇಷ್ಟು ದೊಡ್ಡ ಗೆಲುವನ್ನು ಇನ್ನೊಬ್ಬರು ಹೊತ್ತೊಯ್ಯುವುದನ್ನು ಯಾವ ಗಂಡಸು ಸಹಿಸುತ್ತಾನೆ? ಮಾಸ್ಟರು ಒಳಜೇಬಿನಿಂದ ಬಟ್ಟೆಯ ಚೂರು ತೆಗೆದು ಮೇಜಿನ ಮೇಲೆ ಬಿಚ್ಚಿದರು. ಐದು ಮಾತ್ರೆ. ಬಾಯಿ ತೋರಿಸಿದರು, ಜೇಬು ತೋರಿಸಿದರು, ಐದು ಬೆರಳು ಎತ್ತಿದರು.

ವೈದ್ಯೆಯ ಮುಖ ಬಿಳುಚಿತು. "ಐದು ದಿನ ನುಂಗಿಲ್ವಾ? ಸ್ಟೆಂಟ್ ಹಾಕಿ ನಾಲ್ಕೇ ತಿಂಗಳು! ಹಲ್ಲಿನ ರಕ್ತ ಒತ್ತಿ ಹಿಡಿದ್ರೆ ನಿಲ್ಲುತ್ತೆ. ಸ್ಟೆಂಟಲ್ಲಿ ರಕ್ತ ಹೆಪ್ಪುಗಟ್ಟಿದ್ರೆ ಎಲ್ಲಿ ಒತ್ತಿ ಹಿಡಿಯೋಣ? ಪ್ರಾಣ ಹೋಗುತ್ತೆ ರೀ!" ಎನ್ನುತ್ತ ಫೋನಿಗೆ ಕೈ ಹಾಕಿದರು.

ಮಾಸ್ಟರ ಎದೆ ಧಸಕ್ಕೆಂದಿತು. ಸಲೂನಿನವನ ಮಾತಿಗೆ ಮರುಳಾಗಿ ಇವಳನ್ನು ಒಬ್ಬಳನ್ನೇ ಬಿಟ್ಟು ಹೋಗಲು ಹೊರಟಿದ್ದೆನಲ್ಲ ಎನಿಸಿ ಕಣ್ಣು ತುಂಬಿ ಬಂತು. ಹೆಂಡತಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಬಾಯಲ್ಲಿ ಬಟ್ಟೆ, ಕ್ಷಮೆ ಕೇಳಲೂ ಆಗಲಿಲ್ಲ.

"ಫೋನ್ ಇಡಿ ಡಾಕ್ಟ್ರೇ" ಎಂದಳು ಅವಳು. "ಗುರುವಾರ ಸಂಜೆ ಇವರ ಗುಸುಗುಸು ಕೇಳಿಸಿದ್ದೇ ಡಬ್ಬಿಗಳ ದಾರ ಅದಲುಬದಲು ಮಾಡಿದೆ, ಇಲ್ಲಿ ಬಿದ್ದಿರೋ ಐದೂ ಶಕ್ತಿ ಮಾತ್ರೆ."